ಗದುಗಿನ ಸೀಮೆಯ ಕಾವ್ಯದಲ್ಲಿ ತಂದೆ ಮತ್ತು ಮನೆವಾರ್ತೆ

ಕನ್ನಡ ಕಾವ್ಯದಲ್ಲಿ ತಾಯಿಯ ಮೇಲೆ ಬಂದಷ್ಟು ಪದ್ಯ ತಂದೆಯ ಮೇಲೆ ಬಂದಿಲ್ಲ. ಬೀಸುಕಲ್ಲಿನ ತ್ರಿಪದಿಯಿಂದ ಹಿಡಿದು ಪಿ. ಲಂಕೇಶರ ‘ಅವ್ವ’ ಕವಿತೆಯವರೆಗೆ ತಾಯಿಯನ್ನು ಕವಿಗಳು ನೇರವಾಗಿ ಕರೆದು ಮಾತಾಡಿಸಿದ್ದಾರೆ. ತಂದೆ ಮಾತ್ರ ಹೆಚ್ಚಾಗಿ ಬೇರೆ ವೇಷದಲ್ಲಿ ಬಂದಿದ್ದಾನೆ: ಅರಸನಾಗಿ, ಗುರುವಾಗಿ, ಮನೆಯ ಯಜಮಾನನಾಗಿ, ಕನ್ಯಾದಾನ ಮಾಡುವವನಾಗಿ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಬರೀ ಅಪ್ಪನಾಗಿ ಆತ ಕಾಣಿಸಿಕೊಳ್ಳುವುದು ಅಪರೂಪ. ಈ ಅಪರೂಪದ ಗಳಿಗೆಗಳನ್ನು ಹುಡುಕಿಕೊಂಡು ಹೋದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಮತ್ತೆ ಮತ್ತೆ ಎದುರಾಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಈ ನೆಲಕ್ಕೂ ಅದರ ಆಸುಪಾಸಿನ ಊರುಗಳಿಗೂ ಸೇರಿದ ಕವಿಗಳು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ತಂದೆಯನ್ನು ಕಂಡ ಬಗೆಯಲ್ಲಿ ಒಂದು ಸಾತತ್ಯವಿದೆ. ತಂದೆಯ ಅಧಿಕಾರ ಇಲ್ಲಿಯ ಕವಿಗಳನ್ನು ಅಷ್ಟಾಗಿ ಸೆಳೆದಿಲ್ಲ. ಅವನ ಕೈಸಾಗದ ಗಳಿಗೆಯೇ ಅವರಿಗೆ ಕಾವ್ಯದ ವಸ್ತುವಾಗಿದೆ.

ಮೊದಲ ಹೆಸರು ಪಂಪನದು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ‘ವಿಕ್ರಮಾರ್ಜುನ ವಿಜಯ’ದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪ ತಾನೇ ಹೇಳಿಕೊಂಡಿದ್ದಾನೆ. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ವಂಶವಿವರ ತಿಳಿದದ್ದು ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ತಂದೆ ಭೀಮಪಯ್ಯ ಜೈನಧರ್ಮವನ್ನು ಸ್ವೀಕರಿಸಿದವನು. ಪಂಪನ ಧರ್ಮ ತಂದೆಯ ಆಯ್ಕೆಯಿಂದ ಬಂದದ್ದು, ಮಾತು ತಾಯಿಯ ಕಡೆಯ ನೆಲದ್ದು. ಮನೆಯಿಂದ ಮಕ್ಕಳಿಗೆ ಏನು ಬರುತ್ತದೆ ಎಂಬ ಪ್ರಶ್ನೆ ಅವನ ಎರಡೂ ಕಾವ್ಯಗಳಲ್ಲಿ ಬೇರೂರಿರುವುದು ಸಹಜವೇ ಆಗಿದೆ.

941ರ ಸುಮಾರಿಗೆ ರಚನೆಯಾದ ‘ಆದಿಪುರಾಣ’ದಲ್ಲಿ ಆದಿದೇವ ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮಿ ಮತ್ತು ಸುಂದರಿಯರಿಗೆ ವಿದ್ಯೆ ಕಲಿಸುವ ಸಂದರ್ಭ ಬರುತ್ತದೆ. ಜೈನ ಪರಂಪರೆಯ ಪ್ರಕಾರ ಒಬ್ಬಳಿಗೆ ಅಕ್ಷರ, ಇನ್ನೊಬ್ಬಳಿಗೆ ಅಂಕಿ. ಕಥೆ ಜಿನಸೇನಾಚಾರ್ಯರ ಸಂಸ್ಕೃತ ‘ಪೂರ್ವಪುರಾಣ’ದಿಂದ ಬಂದದ್ದು. ಆದರೂ ಕನ್ನಡದ ಆದಿಕವಿಯ ಕಾವ್ಯದಲ್ಲಿ ಲಿಪಿಯ ಹುಟ್ಟು ತಂದೆಯೊಬ್ಬ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡುವ ಮನೆಯ ಗಳಿಗೆಯಾಗಿ ಬಂದಿರುವುದು ನೆನಪಿಡಬೇಕಾದ ಸಂಗತಿ. ಗಂಡುಮಕ್ಕಳಿಗೆ ರಾಜ್ಯ, ಶಾಸ್ತ್ರ, ಕಲೆಗಳು. ಹೆಣ್ಣುಮಕ್ಕಳಿಗೆ ಎಲ್ಲಕ್ಕೂ ಮೂಲವಾದ ಅಕ್ಷರ ಮತ್ತು ಗಣಿತ.

ತಂದೆ ಕೊಟ್ಟ ಅಕ್ಷರ ಜಗಳ ತರಲಿಲ್ಲ, ತಂದೆ ಕೊಟ್ಟ ನೆಲ ತಂದಿತು. ಆದಿದೇವ ವೈರಾಗ್ಯ ತಾಳಿ ಹೊರಟುಹೋದ ಮೇಲೆ ಭರತನಿಗೆ ಚಕ್ರವರ್ತಿಯಾಗುವ ಹಂಬಲ; ಬಾಹುಬಲಿಗೆ ಅಪ್ಪ ಕೊಟ್ಟ ಪಾಲನ್ನು ಅಣ್ಣನಿಗೆ ತಲೆಬಾಗಿ ಏಕೆ ಉಣ್ಣಬೇಕೆಂಬ ಛಲ. ಗೆದ್ದ ಮೇಲೆ ಬಾಹುಬಲಿ ತಂದೆ ತನಗೆ ಕೊಟ್ಟದ್ದನ್ನೂ ಅಣ್ಣನಿಗೇ ಬಿಟ್ಟು ನಡೆಯುತ್ತಾನೆ. ಪಾಲು ಹಂಚಿದ ಅಪ್ಪ ತಪೋವನದಲ್ಲಿದ್ದಾನೆ, ಮಕ್ಕಳ ಕಾದಾಟವನ್ನು ತಡೆಯಲು ಮನೆಯಲ್ಲಿ ಇಲ್ಲ. ಉತ್ತರ ಕರ್ನಾಟಕದ ಯಾವ ರೈತ ಮನೆತನಕ್ಕೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಪಾಲಾದಾಗ ಹಿರಿಯನ ಹೆಸರು ಹಿಡಿದು ಇಬ್ಬರೂ ಮಾತಾಡುತ್ತಾರೆ, ಹಿರಿಯ ಮಾತ್ರ ಇರುವುದಿಲ್ಲ.

ಗದಗಕ್ಕೆ ಹತ್ತಿರದ ಮುಳುಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ ತಂದೆಯನ್ನು ವಿಶೇಷವಾಗಿ ಚಿತ್ರಿಸಿದವನಲ್ಲ. ಆದರೆ ಮನೆವಾರ್ತೆಯ ಮಾತು ಕಾವ್ಯಕ್ಕೆ ಸಲ್ಲುತ್ತದೆ ಎಂದು ತೋರಿಸಿದವರಲ್ಲಿ ಆತ ಮುಂಚೂಣಿಯವನು. ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಕನ್ನಡಕ್ಕೆ ಸಂಸ್ಕೃತ ಬೆರೆಸುವುದನ್ನು ಆತ ಒಪ್ಪಲಿಲ್ಲ. ಅಡುಗೆಮನೆ, ಹೊಲ, ಸಂತೆಗಳಿಂದ ಹೋಲಿಕೆ ಮತ್ತು ಗಾದೆಗಳನ್ನು ತಂದು ಕಥೆಗಳ ತುಂಬ ಹರಡಿದ. ದಿನದ ಬದುಕು ಕಾವ್ಯದೊಳಗೆ ಬರಲು ಅದರ ಮಾತು ಮೊದಲು ಬರಬೇಕಾಗಿತ್ತು.

ಪುಲಿಗೆರೆಯ ಇನ್ನೊಂದು ಕಥೆ ಆದಯ್ಯನದು. ಹರಿಹರ ರಗಳೆಯಲ್ಲಿ, ರಾಘವಾಂಕ ‘ಸೋಮನಾಥ ಚಾರಿತ್ರ’ದಲ್ಲಿ ಹೇಳಿದ ಕಥೆ ಇದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಶಿವಭಕ್ತ ಆದಯ್ಯ, ಜೈನ ಮನೆತನದ ಪದ್ಮಾವತಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಕೊನೆಗೆ ಸೋಮನಾಥನನ್ನೇ ಪುಲಿಗೆರೆಗೆ ತಂದು ನಿಲ್ಲಿಸಿದನೆಂಬ ದೊಡ್ಡ ಪವಾಡದಲ್ಲಿ ಕಥೆ ಮುಗಿಯುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ ಆ ನೆನಪನ್ನು ಉಳಿಸಿಕೊಂಡಿದೆ. ಆದರೆ ಜಗಳ ಶುರುವಾದದ್ದು ಅಡುಗೆಮನೆಯಲ್ಲಿ: ಯಾವ ಅತಿಥಿಗೆ ಮೊದಲು ಉಣಬಡಿಸಬೇಕು ಎಂಬ ಮಾತಿನಿಂದ. ಧರ್ಮಗಳ ತಿಕ್ಕಾಟವೆಂದು ಇತಿಹಾಸ ಓದುವುದನ್ನು ಈ ಕವಿಗಳು ಮಾವ, ಅಳಿಯ ಮತ್ತು ಇಬ್ಬರ ನಡುವೆ ಸಿಕ್ಕಿಬಿದ್ದ ಮಗಳು ಇರುವ ಒಂದು ಮನೆಯೊಳಗಿಂದ ಹೇಳಿದರು. ಮಗಳನ್ನು ಕೊಟ್ಟ ತಂದೆಗೆ ಅಳಿಯ ಸರಿಕಾಣದಿದ್ದಾಗ ಆತನಿಗೆ ಉಳಿಯುವ ದಾರಿ ಎಷ್ಟು ಕಡಿಮೆ ಎಂಬುದೂ ಅಲ್ಲಿದೆ.

ಈ ಸೀಮೆಯಲ್ಲಿ ತಂದೆತನದ ನಿಜವಾದ ಮಹಾಕವಿ ಕುಮಾರವ್ಯಾಸ. ಕೋಳಿವಾಡದ ನಾರಣಪ್ಪ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ‘ಕರ್ಣಾಟ ಭಾರತ ಕಥಾಮಂಜರಿ’ ಬರೆದ. ಆತ ಒರಗಿ ಬರೆದನೆಂದು ಹೇಳುವ ಕಂಬವನ್ನು ದೇವಾಲಯದಲ್ಲಿ ಇಂದಿಗೂ ತೋರಿಸುತ್ತಾರೆ. ಕೋನೇರಿಯಲ್ಲಿ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಪದ್ಯ ಹೇಳುತ್ತಿದ್ದನೆಂಬುದು ಊರಿನ ನಂಬಿಕೆ. ಜನ ಅದನ್ನು ‘ಗದುಗಿನ ಭಾರತ’ವೆಂದೇ ಕರೆದರು. ಈ ಕಾವ್ಯದ ಹತ್ತು ಪರ್ವಗಳಲ್ಲಿ ಕೃಷ್ಣಕಥೆಯ ಭಕ್ತಿಯನ್ನೂ ವೀರವನ್ನೂ ವಿಮರ್ಶಕರು ಸಾಕಷ್ಟು ಬಿಡಿಸಿ ತೋರಿಸಿದ್ದಾರೆ. ದ್ರೋಣಪರ್ವ ತಂದೆಯರ ಪರ್ವವೆಂಬುದನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಆ ಒಂದು ಪರ್ವದಲ್ಲಿ ನಾಲ್ವರು ತಂದೆಯರು ಮಗನ ಕಾರಣಕ್ಕೆ ಬೀಳುತ್ತಾರೆ ಅಥವಾ ಕುಸಿಯುತ್ತಾರೆ. ಮೊದಲನೆಯವನು ಅರ್ಜುನ. ಸಂಶಪ್ತಕರೊಡನೆ ಬೇರೆಡೆ ಕಾದಿ ಸಂಜೆ ಪಾಳೆಯಕ್ಕೆ ಮರಳಿದರೆ ಅಭಿಮನ್ಯು ಎದುರು ಬರುವುದಿಲ್ಲ. ಪದ್ಮವ್ಯೂಹವನ್ನು ಒಡೆದು ಹೋಗುವುದನ್ನು ಅರಿತ ಮಗನಿಗೆ ಹೊರಬರುವ ದಾರಿ ಗೊತ್ತಿರಲಿಲ್ಲ. ಅದನ್ನು ಕಲಿಸಬೇಕಾದ ಅಪ್ಪ ಹತ್ತಿರ ಇರಲಿಲ್ಲ. ಲೋಕವನ್ನೇ ಗೆಲ್ಲಬಲ್ಲ ಬಿಲ್ಲುಗಾರ ತನ್ನ ಮನೆಯ ಒಂದು ಕೂಸನ್ನು ಉಳಿಸಿಕೊಳ್ಳಲಾಗದೆ ನಿಂತದ್ದು ಅರ್ಜುನನ ಕಥೆಯಲ್ಲೇ ಅತಿ ಕಠಿಣವಾದ ಗಳಿಗೆ. ಆ ದುಃಖ ಸೈಂಧವನನ್ನು ಕೊಲ್ಲುವ ಪ್ರತಿಜ್ಞೆಯಾಗಿ ತಿರುಗುತ್ತದೆ. ಗಂಡಸಿನ ಅಳು ಸಿಟ್ಟಿನ ರೂಪ ತಾಳುವುದನ್ನು ಕುಮಾರವ್ಯಾಸ ಬಲ್ಲ.

ಎರಡನೆಯವನು ಸೈಂಧವನ ತಂದೆ ವೃದ್ಧಕ್ಷತ್ರ. ಮಗನ ತಲೆಯನ್ನು ಯಾರು ನೆಲಕ್ಕೆ ಬೀಳಿಸುತ್ತಾರೋ ಅವರ ತಲೆ ಒಡೆಯಲಿ ಎಂಬ ಮಾತು ಆತನದೇ. ಮಗನನ್ನು ಕಾಯಲೆಂದು ಇಟ್ಟ ಆ ಮಾತು ಕೊನೆಗೆ ಇಟ್ಟವನಿಗೇ ತಿರುಗಿತು. ಅರ್ಜುನನ ಬಾಣ ಕತ್ತರಿಸಿದ ತಲೆಯನ್ನು ಹೊತ್ತೊಯ್ದು ದೂರದಲ್ಲಿ ನಿತ್ಯಕರ್ಮಕ್ಕೆ ಕುಳಿತಿದ್ದ ಮುದುಕನ ಬಳಿಗೇ ತಲುಪಿಸುತ್ತದೆ. ಬೆಚ್ಚಿ ಅದನ್ನು ನೆಲಕ್ಕೆ ಹಾಕಿದ ತಂದೆ ತಾನೇ ಸಾಯುತ್ತಾನೆ. ಮಗನನ್ನು ಎಲ್ಲದರಿಂದಲೂ ಕಾಪಾಡುತ್ತೇನೆ ಎಂಬ ಹಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ನಮ್ಮ ಕಾವ್ಯಗಳಲ್ಲಿ ಸಿಗುವುದು ಕಷ್ಟ.

ಮೂರನೆಯವನು ಭೀಮ. ಘಟೋತ್ಕಚನನ್ನು ಆತ ಎತ್ತಿ ಆಡಿಸಿ ಬೆಳೆಸಲಿಲ್ಲ. ಕಾಡಿನಲ್ಲಿ ತಾಯಿಯ ಮಡಿಲಲ್ಲಿ ಬೆಳೆದ ಮಗ ಅಪ್ಪನಿಗೆ ಬೇಕಾದಾಗ ಬಂದ, ಇಂದ್ರ ಕೊಟ್ಟ ಶಕ್ತಿಯನ್ನು ಕರ್ಣ ಎಸೆದಾಗ ಸತ್ತ. ಅರ್ಜುನನಿಗೆಂದು ಕಾದಿಟ್ಟ ಆಯುಧ ವ್ಯರ್ಥವಾಯಿತೆಂದು ಕೃಷ್ಣನಿಗೆ ಸಮಾಧಾನ. ತಂದೆಗೆ ಲೆಕ್ಕ ಅದಲ್ಲ. ನಾಲ್ಕನೆಯವನು ದ್ರೋಣ. ಅಶ್ವತ್ಥಾಮ ಸತ್ತನೆಂಬ ಸುದ್ದಿ ಧರ್ಮರಾಯನ ಬಾಯಿಂದ ಬಂದಾಗ ಆತ ಶಸ್ತ್ರ ಕೆಳಗಿಡುತ್ತಾನೆ. ಶಸ್ತ್ರದಿಂದ ಮಣಿಸಲಾಗದ ಗುರುವನ್ನು ಶತ್ರುಗಳು ಸೋಲಿಸಿದ್ದು ಆತ ಅಪ್ಪನೆಂಬ ಒಂದೇ ದಾರಿಯಿಂದ.

ವ್ಯಾಸಭಾರತದಲ್ಲಿ ಈ ನಾಲ್ಕೂ ಇವೆ ನಿಜ. ಗದುಗಿನ ಕವಿ ಇವಕ್ಕೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಯನ್ನು ಕೊಟ್ಟ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಉಸಿರು ಉದ್ದವಾಗಿ ಎಳೆದು ನಿಲ್ಲುವ ಈ ಛಂದಸ್ಸು ಮಾತಾಡಲೂ ಒದಗುತ್ತದೆ, ಅಳಲೂ ಒದಗುತ್ತದೆ. ಗುಡಿಯ ಕಟ್ಟೆಯಲ್ಲೋ ಮನೆಯ ಪಡಸಾಲೆಯಲ್ಲೋ ರಾತ್ರಿ ಹೊತ್ತು ಗಮಕಿ ಓದಿ, ಇನ್ನೊಬ್ಬರು ಅರ್ಥ ಹೇಳುವ ವಾಡಿಕೆ ಈ ಭಾಗದಲ್ಲಿ ತಲೆಮಾರುಗಳ ತನಕ ನಡೆಯಿತು. ನಾಲ್ಕು ಜನರೆದುರು ಅಳಲು ಸಂಕೋಚಪಡುವ ಗಂಡಸರಿಗೆ ಅಭಿಮನ್ಯುವಿನ ಕಥೆ ಕೇಳುವಾಗ ಕಣ್ಣೊರೆಸಿಕೊಳ್ಳಲು ಅಡ್ಡಿ ಇರಲಿಲ್ಲ. ದ್ರೋಣಪರ್ವ ಜನರಿಗೆ ಮಾಡಿದ ಉಪಕಾರಗಳಲ್ಲಿ ಇದು ಸಣ್ಣದಲ್ಲ.

ಹೆಂಗಸರ ಹಾಡಿಗೆ ಬಂದರೆ ನೋಟ ತಿರುಗುತ್ತದೆ. ಅಲ್ಲಿ ತಂದೆಯನ್ನು ಕಾಣುವವಳು ಮಗಳು. ನಸುಕಿನಲ್ಲಿ ಜೋಳ ಬೀಸುತ್ತ ಹೇಳಿದ ತ್ರಿಪದಿಗಳನ್ನು ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ ಓದುಬರಹ ಬಲ್ಲವರು ಬೆರಗಾದರು. ಆ ಸಂಕಲನ ವಿಜಯಪುರದ ಕಡೆಯದಾದರೂ ಗದಗ, ರೋಣ, ಮುಂಡರಗಿಗಳ ಹೆಂಗಸರಿಗೆ ಆ ಧಾಟಿಯೂ ವಸ್ತುವೂ ಹೊಸವಲ್ಲ. ತವರು, ತಾಯಿ, ಅಣ್ಣತಮ್ಮಂದಿರು, ಅತ್ತೆಮನೆ, ಬಾಣಂತನ, ತೊಟ್ಟಿಲು ಎಲ್ಲವೂ ಅಲ್ಲಿವೆ. ಹಡೆದವ್ವನಿಗೆ ಸಿಕ್ಕ ಸಾಲುಗಳ ಮುಂದೆ ಹಡೆದಪ್ಪನಿಗೆ ಸಿಕ್ಕವು ಕಡಿಮೆ. ಶ್ರಾವಣದ ನಾಗರಪಂಚಮಿಗೆ ಜೋಕಾಲಿ ಕಟ್ಟಿ, ಉಂಡಿ ಅಳ್ಳು ಮಾಡಿ ತವರಿನವರು ಮಗಳನ್ನು ಕರೆತರುತ್ತಾರೆ. ಕರೆಯಲು ಬರುವವನು ಅಣ್ಣ, ಅಪ್ಪನಲ್ಲ. ಮದುವೆ ಮಾಡಿ ಕೊಟ್ಟವನು ಅಪ್ಪ, ಆಗಾಗ ಬಂದು ನೋಡಿ ಹೋಗುವವನು ಅಣ್ಣ. ಹೀಗಾಗಿ ಮಗಳ ಮುನಿಸು, ಆಸೆ, ಹರಕೆ ಎಲ್ಲವೂ ಅಣ್ಣನ ಕಡೆ ಹರಿದವು. ಅಪ್ಪನ ಬಗ್ಗೆ ಇರುವ ಮಾತುಗಳಲ್ಲಿ ಗೌರವವಿದೆ, ಜೊತೆಗೆ ದೂರ ಕೊಟ್ಟನಲ್ಲ ಎಂಬ ಕೇಳಲಾಗದ ಪ್ರಶ್ನೆಯೂ ಇದೆ. ಅಪ್ಪ ಕಡಿಮೆ ಕಾಣಿಸಿಕೊಂಡದ್ದಕ್ಕೆ ಪ್ರೀತಿ ಕಡಿಮೆಯಾಗಿತ್ತು ಎಂದು ಅರ್ಥ ಮಾಡಿದರೆ ತಪ್ಪಾಗುತ್ತದೆ. ಮಗಳೂ ಅಪ್ಪನೂ ಎದುರಾಬದುರು ಕೂತು ಮನಸ್ಸು ಬಿಚ್ಚುವ ರೂಢಿಯೇ ಇಲ್ಲದ ಮನೆಗಳಲ್ಲಿ ಹುಟ್ಟಿದ ಹಾಡುಗಳು ಅವು.

ಲಕ್ಷ್ಮೇಶ್ವರಕ್ಕೆ ಹತ್ತಿರದ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು ಶಾಲಾ ಮಾಸ್ತರಿಕೆ ಬಿಟ್ಟು ಕಳಸದ ಗುರು ಗೋವಿಂದಭಟ್ಟರ ಬೆನ್ನುಹತ್ತಿದವರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ; ಜನರ ನೆನಪಿನಲ್ಲಿ ಅವರಿಬ್ಬರೂ ತಂದೆಮಕ್ಕಳ ಹಾಗೆ ಉಳಿದಿದ್ದಾರೆ. ಷರೀಫರ ತತ್ವಪದಗಳು ಮನೆಯ ಸಾಮಾನು, ಮನೆಯ ಮಂದಿ, ಮನೆಯ ಕೆಲಸಗಳಿಂದಲೇ ಕಟ್ಟಿದವು. ಮಾಳಿಗೆ ಸೋರುವ ಪದವನ್ನು ಅರಿಯದ ಕನ್ನಡಿಗರು ಕಡಿಮೆ. ಅದನ್ನು ದೇಹ ಮತ್ತು ಅಜ್ಞಾನದ ರೂಪಕವೆಂದು ಬಿಡಿಸುವುದು ರೂಢಿ. ಆದರೆ ಮಾಳಿಗೆಯ ಮನೆಯಲ್ಲಿ ಬದುಕಿದವರಿಗೆ ಅದು ಮೊದಲು ಮಾಳಿಗೆಯೇ. ಕಲ್ಲು ಮಣ್ಣಿನ ಗೋಡೆ, ಅಡ್ಡ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ ಹಾಸಿ ಮಣ್ಣು ಹೊರಿಸಿದ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಮಿರಗದ ಮಳೆ ಹಿಡಿಯುವ ಮುನ್ನ ಮೇಲೆ ಹತ್ತಿ, ಬಿರುಕು ನೋಡಿ, ಇಲಿ ಕೊರೆದ ತೂತು ಮುಚ್ಚಿ, ಹೊಸ ಮಣ್ಣು ಹರವಿ ತುಳಿಯಬೇಕು. ಅದು ಮನೆಯ ಗಂಡಸಿನ ಕೆಲಸ. ಆ ವರ್ಷ ಕೈಯಲ್ಲಿ ಕಾಸಿಲ್ಲದಿದ್ದರೆ, ಮೈಯಲ್ಲಿ ಕಸುವಿಲ್ಲದಿದ್ದರೆ, ನಡುರಾತ್ರಿ ತೊಟ್ಟಿಲ ಮೇಲೆ ಹನಿ ಬೀಳುತ್ತದೆ, ಹೆಂಡತಿ ಬೋಗುಣಿ ಇಡುತ್ತಾಳೆ. ಯಜಮಾನ ಮೇಲೆ ಹತ್ತಲಾರದೆ ಹಾಸಿಗೆಯಲ್ಲೇ ಕೂತಿರುತ್ತಾನೆ. ತತ್ವಪದ ಇಷ್ಟು ದಿನ ಬಾಳಿರುವುದು ಅದರ ತತ್ವ ಗಟ್ಟಿ ಎಂಬ ಕಾರಣಕ್ಕೆ ಮಾತ್ರವಲ್ಲ. ಮನೆ ನಡೆಸುವವನ ಈ ಅಳುಕನ್ನು ಅದು ಹೆಸರಿಟ್ಟು ಹಾಡಿತು.

ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ರಂದು ಧಾರವಾಡದಲ್ಲಿ. ಅವರ ಹಿರಿಯರು ನೆಲೆಸಿದ್ದ ಊರು ಶಿರಹಟ್ಟಿ, ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ ಪಟ್ಟಣ. ದತ್ತಾತ್ರೇಯನಿಗೆ ಇನ್ನೂ ಹನ್ನೊಂದು ವರ್ಷವಿದ್ದಾಗ ತಂದೆ ರಾಮಚಂದ್ರ ತೀರಿಕೊಂಡರು. ಬೆಳೆಸಿದವರು ತಾಯಿ ಅಂಬಿಕೆ, ಅಜ್ಜಿ ಮತ್ತು ಚಿಕ್ಕಪ್ಪ. ಹೆಸರಿನಲ್ಲಿ ತಂದೆಯನ್ನೂ ಕಾವ್ಯನಾಮದಲ್ಲಿ ತಾಯಿಯನ್ನೂ 1981ರಲ್ಲಿ ಕಣ್ಣು ಮುಚ್ಚುವವರೆಗೆ ಹೊತ್ತ ಕವಿ ಅವರು: ಒಂದು ಕಡೆ ದತ್ತಾತ್ರೇಯ ರಾಮಚಂದ್ರ, ಇನ್ನೊಂದು ಕಡೆ ಅಂಬಿಕಾತನಯದತ್ತ. ಮಗನಾಗಿ ತಂದೆಯ ಜೊತೆ ಬಹುಕಾಲ ಬದುಕದವರು ತಂದೆಯಾಗಿ ಹಲವು ಮಕ್ಕಳನ್ನು ಕಳೆದುಕೊಂಡರು. 1919ರಲ್ಲಿ ಅವರು ಕೈಹಿಡಿದ ಲಕ್ಷ್ಮೀಬಾಯಿಯವರೊಡನೆ ನಡೆದ ಸಂಸಾರ ‘ಸಖೀಗೀತ’ಕ್ಕೆ ವಸ್ತುವಾಯಿತು. 1937ರಲ್ಲಿ ಬಂದ ಈ ನೀಳ್ಗವಿತೆಯಲ್ಲಿ ಗಂಡಹೆಂಡಿರ ಬಾಳು, ಬಡತನ, ನೆಂಟರಿಷ್ಟರು, ಸಾವು, ಮುನಿಸು, ಮತ್ತೆ ಒಂದಾಗುವುದು, ಎಲ್ಲವೂ ಮರೆಮಾಚದೆ ಬರುತ್ತವೆ. ಸಂಸಾರದ ಕಷ್ಟಸುಖ ದೊಡ್ಡ ಕಾವ್ಯಕ್ಕೆ ಸಾಲುವ ವಸ್ತುವೆಂದು ಹೊಸಗನ್ನಡ ಒಪ್ಪಿಕೊಂಡದ್ದರಲ್ಲಿ ಈ ಕೃತಿಯ ಪಾಲು ದೊಡ್ಡದು.

ಆದರೆ ಅವರ ತಂದೆತನದ ಕವಿತೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಕೂಸಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಮಾತಾಗಿ ಬಂದ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಪ್ರಸಿದ್ಧ ಕವನ. ಅದರಲ್ಲಿ ತಂದೆ ಸಮಾಧಾನ ಹೇಳುವುದಿಲ್ಲ. ಮುಂದಿನದು ದೇವರ ಚಿತ್ತ ಎಂದರೂ ಅದು ಅವನಿಗೆ ಆಸರೆಯಾಗುವುದಿಲ್ಲ. ತನ್ನ ಕಡೆ ಹಾಗೆ ನೋಡಬೇಡ ಎಂದಷ್ಟೇ ಬೇಡುತ್ತಾನೆ, ಯಾಕೆಂದರೆ ಆ ಕಣ್ಣಿನಲ್ಲಿರುವ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಕವನದ ಮಾತು ಧಾರವಾಡದ ಮನೆಯೊಳಗಿನ ಮಾತು. ಗ್ರಂಥದ ಕನ್ನಡದಲ್ಲಿ ಬರೆದಿದ್ದರೆ ದುಃಖಕ್ಕೆ ಒಂದು ಮರ್ಯಾದೆಯ ಅಂತರ ಬಂದುಬಿಡುತ್ತಿತ್ತು. ಇಲ್ಲಿ ಆ ಅಂತರ ಇಲ್ಲ. ದ್ರೋಣಪರ್ವದ ಅರ್ಜುನನಿಗೆ ಪ್ರತಿಜ್ಞೆ ಮಾಡಲು ಒಬ್ಬ ಶತ್ರುವಾದರೂ ಇದ್ದ. ಸಣ್ಣ ಸಂಬಳದ ಮಾಸ್ತರನ ಮನೆಗೆ ಬಂದ ಸಾವಿಗೆ ಹಾಗೆ ಬೆರಳು ತೋರಿಸಲು ಯಾರೂ ಇಲ್ಲ. ಕುಮಾರವ್ಯಾಸನಿಂದ ಬೇಂದ್ರೆಯವರಿಗೆ ಬರುವಷ್ಟರಲ್ಲಿ ತಂದೆಯ ದುಃಖ ರಣರಂಗದಿಂದ ಪಡಸಾಲೆಗೆ ಬಂದಿದೆ, ಇನ್ನೂ ಒಂಟಿಯಾಗಿದೆ.

ಇದೇ ಕಾಲದಲ್ಲಿ ಬೇರೆಡೆಯ ಕವಿಗಳೂ ಮನೆಯತ್ತ ತಿರುಗಿದ್ದರು. ರವೀಂದ್ರನಾಥ ಠಾಕೂರರ ‘ಶಿಶು’ 1903ರಲ್ಲಿ ಬಂತು. ಹೆಂಡತಿ ತೀರಿಕೊಂಡು, ಮಗಳು ಕಾಯಿಲೆ ಬಿದ್ದ ಹೊತ್ತಿನಲ್ಲಿ ತಂದೆಯೊಬ್ಬ ಬರೆದ ಮಕ್ಕಳ ಲೋಕ ಅದು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ದಾಂಪತ್ಯವನ್ನು ಮನೆಮನೆಯ ಹಾಡಾಗಿಸಿತು. ಕುವೆಂಪು ಹೆಂಡತಿಮಕ್ಕಳ ಮೇಲಿನ ಪ್ರೀತಿಯನ್ನು ‘ಜೇನಾಗುವ’ದಲ್ಲಿ ತೆರೆದಿಟ್ಟರು; ಆ ತಂದೆಯನ್ನು ಮಗ ಪೂರ್ಣಚಂದ್ರ ತೇಜಸ್ವಿ ‘ಅಣ್ಣನ ನೆನಪು’ ಕೃತಿಯಲ್ಲಿ ಗದ್ಯವಾಗಿ ಮರಳಿ ಕಂಡರು. ಮಲೆನಾಡು, ಮೈಸೂರುಗಳ ಈ ಕಾವ್ಯದಲ್ಲಿ ಸಂಸಾರದ ಸೊಗಸು ಮುಂದೆ ನಿಂತಿದೆ. ಬಯಲುಸೀಮೆಯ ಕವಿಗಳಲ್ಲಿ ಅದರ ಭಾರ ಮುಂದೆ ನಿಂತಿತು.

ಭಾರವನ್ನು ಬಲ್ಲವರಾಗಿಯೂ ಬೆಳಕಿನ ಕಡೆಗೆ ಮುಖ ಮಾಡಿದವರು ಚೆನ್ನವೀರ ಕಣವಿ. ಗದಗ ತಾಲೂಕಿನ ಹೊಂಬಳದಲ್ಲಿ 1928ರ ಜೂನ್ 28ರಂದು ಸಕ್ಕರೆಪ್ಪ, ಪಾರ್ವತೆವ್ವ ದಂಪತಿಗೆ ಹುಟ್ಟಿದ ಅವರು ಬಾಳಿದ್ದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ದುಡಿದು 1983ರಲ್ಲಿ ನಿವೃತ್ತರಾದರು. ಕಲ್ಯಾಣನಗರದ ಮನೆಗೆ ‘ಚೆಂಬೆಳಕು’ ಎಂದು ಹೆಸರಿಟ್ಟರು. 1949ರ ‘ಕಾವ್ಯಾಕ್ಷಿ’ಯಿಂದ ಮೊದಲಾದ ಕಾವ್ಯಯಾತ್ರೆಯಲ್ಲಿ 1954ರ ‘ಮಧುಚಂದ್ರ’ದ ಎಳೆಯ ದಾಂಪತ್ಯವೂ 1960ರ ‘ಮಣ್ಣಿನ ಮೆರವಣಿಗೆ’ಯ ಸಾವುಬದುಕಿನ ಚಿಂತನೆಯೂ ಸೇರಿವೆ. ‘ಜೀವಧ್ವನಿ’ಗೆ 1981ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1996ರಲ್ಲಿ ಹಾಸನದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ‘ಹಕ್ಕಿಪುಕ್ಕ’, ‘ಚಿಣ್ಣರ ಲೋಕವ ತೆರೆಯೋಣ’ ಮಕ್ಕಳಿಗಾಗಿ ಬರೆದ ಪುಸ್ತಕಗಳು.

ಕಣವಿಯವರ ಗೃಹಸ್ಥ ಕಾವ್ಯದ ಗುಣ ಅದರ ಸಮದನಿ. ಅಂಗಳದ ಮಳೆ, ಹೂವು, ಮಗುವಿನ ನಗೆ, ಬೆಳಗಿನ ಬಿಸಿಲು ಇವೆಲ್ಲ ದೊಡ್ಡ ತತ್ವಕ್ಕೆ ಮೆಟ್ಟಿಲಾಗಲೇಬೇಕೆಂಬ ಅವಸರ ಅಲ್ಲಿಲ್ಲ. ಅವರು ಕನ್ನಡದ ಮುಖ್ಯ ಸುನೀತಕಾರರಲ್ಲಿ ಒಬ್ಬರು, ಮತ್ತು ಸುನೀತದ ಹದಿನಾಲ್ಕು ಸಾಲು ಮನೆಯ ಅನುಭವಕ್ಕೆ ತಕ್ಕ ಅಳತೆ. ಎಂಟು ಸಾಲಿನಲ್ಲಿ ಕಂಡದ್ದನ್ನು ಹೇಳಿ, ಉಳಿದ ಆರರಲ್ಲಿ ಮನಸ್ಸು ಅದರ ಸುತ್ತ ಒಮ್ಮೆ ಸುಳಿದು ನಿಲ್ಲುತ್ತದೆ. ಕೂಗಾಡಲು ಜಾಗವೂ ಇಲ್ಲ, ಅಗತ್ಯವೂ ಇಲ್ಲ. ನವ್ಯದ ಕಾಲದಲ್ಲಿ ತಂದೆಯ ತಲೆಮಾರಿನ ಮೇಲೆ ಮುನಿದು ಬರೆಯುವುದೇ ಹೊಸತನವೆಂಬಂತಿದ್ದಾಗಲೂ ಕಣವಿ ತಮ್ಮ ದನಿ ಬದಲಿಸಲಿಲ್ಲ. ಅದನ್ನು ಸೌಮ್ಯತೆ ಎಂದು ಕೆಲವರು ಲಘುವಾಗಿ ತೆಗೆದುಕೊಂಡದ್ದುಂಟು. ದಿನವೂ ಕಚೇರಿಗೆ ಹೋಗಿ ಬಂದು, ಮಕ್ಕಳನ್ನು ಬೆಳೆಸಿ, ಮನೆ ನಡೆಸಿ, ಅದರ ನಡುವೆ ಏಳು ದಶಕಕ್ಕೂ ಹೆಚ್ಚು ಕಾಲ ಬರೆದ ಗೃಹಸ್ಥನ ಸೌಮ್ಯತೆ ಲಘುವಾದದ್ದಲ್ಲ.

ಆ ಮನೆಯ ಇನ್ನರ್ಧವನ್ನು ಓದದೆ ಕಣವಿಯವರ ಓದು ಪೂರ್ತಿಯಾಗುವುದಿಲ್ಲ. ಪತ್ನಿ ಶಾಂತಾದೇವಿ ಕಣವಿ ಕನ್ನಡದ ಒಳ್ಳೆಯ ಕಥೆಗಾರ್ತಿ. ಅವರ ‘ಸಂಜೆಮಲ್ಲಿಗೆ’ 1967ರಲ್ಲಿ ಬಂತು. ‘ಬಯಲು ಆಲಯ’, ‘ಮರುವಿಚಾರ’, ‘ಜಾತ್ರೆ ಮುಗಿದಿತ್ತು’ ಮುಂದೆ ಬಂದವು. ಮಧ್ಯಮವರ್ಗದ ಮನೆಗಳೊಳಗಿನ ಹೆಣ್ಣುಮಕ್ಕಳ ಇಕ್ಕಟ್ಟು, ನುಂಗಿಕೊಂಡ ಮಾತು, ಮರುವಿಚಾರಗಳು ಆ ಕಥೆಗಳ ಒಡಲಲ್ಲಿವೆ. ಒಂದೇ ಸೂರಿನಡಿ ಕವಿ ಅಂಗಳದ ಬೆಳಕನ್ನು ಬರೆದರು, ಕಥೆಗಾರ್ತಿ ಒಳಮನೆಯ ಸೆಕೆಯನ್ನು ಬರೆದರು. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಆ ತಲೆಮಾರಿನ ಧಾರವಾಡ-ಗದಗ ಕಡೆಯ ಸಂಸಾರ ನಿಚ್ಚಳವಾಗಿ ಕಾಣುತ್ತದೆ. ಶಾಂತಾದೇವಿ 2020ರ ಮೇ ತಿಂಗಳಲ್ಲಿ ತೀರಿಕೊಂಡರು, ಕಣವಿ 2022ರ ಫೆಬ್ರುವರಿ 16ರಂದು.

ರಕ್ತಸಂಬಂಧವಿಲ್ಲದ ತಂದೆತನಕ್ಕೂ ಗದಗದಲ್ಲಿ ದೊಡ್ಡ ಉದಾಹರಣೆಯಿದೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆದು, ಕೊನೆಗೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿ 1944ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡವರು. 2010ರವರೆಗೆ ಆಶ್ರಮದ ಮಕ್ಕಳಿಗೆ ಅನ್ನ ಮತ್ತು ಸಂಗೀತವನ್ನು ಒಟ್ಟಿಗೆ ಕೊಟ್ಟರು. ಸಂಗೀತಗಾರರೆಂದು ಎಲ್ಲರೂ ಬಲ್ಲ ಅವರು ಕವಿಯೂ ಹೌದು. ಅಕ್ಕಮಹಾದೇವಿ, ಗುಡ್ಡಾಪುರದ ದಾನಮ್ಮ ಮೊದಲಾದವರ ಪುರಾಣಗಳನ್ನು ಪದ್ಯದಲ್ಲಿ ರಚಿಸಿದರು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಗುಡಿಗಳಲ್ಲಿ ಅವರ ಪುರಾಣಗಳ ಪಠಣ ನಡೆಯುವಾಗ ಮಗಳು ಮನೆ ತೊರೆದುಹೋಗುವ, ಹೆತ್ತವರು ಕೈಚೆಲ್ಲಿ ನಿಲ್ಲುವ ಅಧ್ಯಾಯಕ್ಕೆ ಹೆಂಗಸರು, ಗಂಡಸರು ಒಂದೇ ಸಮ ಮೌನವಾಗುತ್ತಾರೆ. ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡ ಕವಿ ಹೆತ್ತವರ ಸಂಕಟವನ್ನು ಇಷ್ಟು ನಿಜವಾಗಿ ಬರೆದದ್ದು ಈ ಸೀಮೆಯ ಕಾವ್ಯದ ಹೆಚ್ಚಳ.

ಇಂದಿನ ತಂದೆಯ ಬದುಕು ಬೇರೆ. ಕಪ್ಪತಗುಡ್ಡದ ಸುತ್ತಲಿನ ಒಣಭೂಮಿಯ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಗಂಡಸರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿದು ಅಪ್ಪನನ್ನು ಫೋನಿನಲ್ಲಿ ಕೇಳುತ್ತಾರೆ. ಇನ್ನೊಂದು ಕಡೆ, ಬೆಟಗೇರಿಯ ಮಗ್ಗದ ಮನೆಗಳಲ್ಲಿ ಅಪ್ಪ ನೇಯುವ ಹೊತ್ತು ಮಕ್ಕಳು ಪಕ್ಕದಲ್ಲೇ ಓದುತ್ತ ಬೆಳೆದ ತಲೆಮಾರು ಇನ್ನೂ ಇದೆ. ಈ ಎರಡೂ ಬಗೆಯ ಬಾಳಿನಿಂದ ಕವಿತೆ ಬರಬೇಕು. ಶಾಲೆ, ಕಾಲೇಜುಗಳಲ್ಲಿ ಬರೆಯತೊಡಗಿದ ಹುಡುಗ, ಹುಡುಗಿಯರು ದೂರದ ವಸ್ತು ಹುಡುಕುವ ಮುನ್ನ ಮನೆಯ ಅಪ್ಪನನ್ನು ನೋಡಬೇಕು.

ಅದಕ್ಕಿಂತ ತುರ್ತಾದ ಕೆಲಸ ಇನ್ನೊಂದಿದೆ. ಜೋಳ ಬೀಸುವುದು ಗಿರಣಿಗೆ ಹೋಗಿ ಬಹಳ ಕಾಲವಾಯಿತು; ಹಾಡು ಹುಟ್ಟುತ್ತಿದ್ದ ಸಂದರ್ಭವೇ ಈಗ ಇಲ್ಲ. ಬೀಸುವ ಪದ, ತೊಟ್ಟಿಲ ಪದ, ಮದುವೆಯಲ್ಲಿ ಮಗಳನ್ನು ಒಪ್ಪಿಸುವಾಗಿನ ಪದಗಳನ್ನು ಬಾಯಲ್ಲಿ ಹಿಡಿದ ಅಜ್ಜಿಯರು ಮುಂಡರಗಿ, ಶಿರಹಟ್ಟಿ ತಾಲೂಕಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಹಾಡುಗಳನ್ನು, ಅವುಗಳಲ್ಲಿ ಅಪ್ಪನ ಬಗ್ಗೆ ಬರುವ ಆ ಕೆಲವೇ ಸಾಲುಗಳನ್ನು, ಹಾಡಿದವರ ಹೆಸರು ಮತ್ತು ಊರಿನ ಸಮೇತ ಧ್ವನಿಮುದ್ರಿಸಿ ಬರೆದಿಡುವ ಕೆಲಸವನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳೂ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕಗಳೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.